ಹನ್ನೆರಡರಿಂದ ಐದರವರೆಗೆ

ಹಣ ಕಟ್ಟಿ ಇಸ್ಪೀಟಿನ ಒಂದು ಎಲೆಯನ್ನೂ ಎತ್ತದೆ ಮೊನ್ನೆಗೆ ಒಂದು ವರ್ಷ ತುಂಬಿತು. ಎಲೆ ಎಂದರೆ ಮೊಬೈಲ್ ಪರದೆಯ ರಮ್ಮಿ ಎಲೆ ಎಂದು ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಎಷ್ಟು ಹೋಯಿತು, ಯಾರ ಒಡವೆ ಎಲ್ಲಿ ಅಡಮಾನಕ್ಕೆ ಬಿತ್ತು ಎಂಬ ಲೆಕ್ಕವನ್ನೂ ನಮ್ಮ ಕಾಸರಗೋಡಿನ ಪೆರ್ಲ, ಬದಿಯಡ್ಕದ ಆಚೀಚೆಯ ಜನ ನನಗಿಂತ ಸರಿಯಾಗಿ ಇಟ್ಟಿದ್ದೀರಿ. ಹಾಗಾಗಿ ಋಣದ ವಿಷಯವಷ್ಟನ್ನೇ ಬರೆಯುತ್ತೇನೆ. ಬ್ಯಾಂಕಿನ ಋಣ ತೀರಲು ಇನ್ನೂ ಎರಡು ಬೆಳೆ ಬೇಕು, ಅದು ಬೇರೆ.

ಮಂಗಳೂರಿನ ವೈದ್ಯೆಗೆ, ತಲಪಾಡಿಯ ಗಡಿ ದಾಟಿಸಿ ನನ್ನನ್ನು ಅಲ್ಲಿಗೆ ಕರೆದೊಯ್ಯುತ್ತಿದ್ದ ಗೆಳೆಯನಿಗೆ, ಖಾತೆಯಿಂದ ದಿನಕ್ಕೆ ಇಷ್ಟೇ ಹಣ ಹೋಗಲಿ ಎಂದು ಮಿತಿ ಹಾಕಿಸಿಕೊಟ್ಟ ಬ್ಯಾಂಕಿನ ಹುಡುಗಿಗೆ, ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ ಅರ್ಧ ಮಲಯಾಳ ಅರ್ಧ ಕನ್ನಡದಲ್ಲಿ ತೊದಲಿದ್ದನ್ನು ಕೇಳಿಸಿಕೊಂಡ ದನಿಗೆ ಕೃತಜ್ಞತೆಗಳು. ಬಸ್ ನಿಲ್ದಾಣದ ಲಾಟರಿ ಅಂಗಡಿಯವರಿಗೆ ಇನ್ನೊಂದು ಮಾತು ಹೆಚ್ಚು. 1967ರಿಂದ ಸರ್ಕಾರವೇ ಮಾರುತ್ತಿರುವ ಟಿಕೆಟು, ತೆಗೆದುಕೊಂಡರೆ ಯಾರೂ ಏನೂ ಅನ್ನುವುದಿಲ್ಲ ಎಂದು ಒಮ್ಮೆ ಕೈ ಚಾಚಿದ್ದೆ. ಅವರು ಟಿಕೆಟಿನ ಕಟ್ಟನ್ನು ಮಡಿಲಿಗೆ ಎಳೆದುಕೊಂಡು, "ನಿಮಗೆ ಇಲ್ಲ, ಬಸ್ ಬಂತು, ಹೋಗಿ" ಎಂದರು. ಬಸ್ ಬಂದಿರಲಿಲ್ಲ.

ಇನ್ನು ಭಾವ. ಅಕ್ಕನ ಗಂಡ. ಅವರೂ ನನ್ನನ್ನು ಭಾವ ಎಂದೇ ಕರೆಯುವುದು. ಇದನ್ನು ಅವರು ಓದುವುದಿಲ್ಲ, ಅಕ್ಕ ಓದಿ ಹೇಳಬೇಕು.

2025ರ ಫೆಬ್ರವರಿಯ ಆ ರಾತ್ರಿ ನಾನು ತೋಟದ ಮೇಲೆ ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ಬಾಯಿಯಲ್ಲಿ ಕುಳಿತಿದ್ದೆ. ಒಳಗಿನಿಂದ ನೀರು ತೊಟ್ಟಿಕ್ಕುವ ಸದ್ದು ಬಿಟ್ಟರೆ ಬೇರೇನೂ ಇರಲಿಲ್ಲ. ಯಾಕೆ ಅಲ್ಲಿಗೆ ಹೋಗಿದ್ದೆ ಎಂದು ಬರೆಯಲು ಮೂರು ಸಲ ಹೊರಟು ಮೂರು ಸಲವೂ ಅಳಿಸಿದೆ. ಮನೆಯವಳು ಫೋನ್ ಮಾಡಿದ್ದಳು. ಭಾವ ಮುಳ್ಳೇರಿಯದಿಂದ ಬೈಕಿನಲ್ಲಿ ಬಂದು, ಟಾರ್ಚನ್ನು ನನ್ನ ಮುಖಕ್ಕೆ ಬಿಡದೆ ಕಾಲ ಬಳಿ ನೆಲಕ್ಕೆ ಹಿಡಿದು, "ಭಾವ, ಅಡಿಕೆ ಸುಲಿಯುವುದು ಬಾಕಿ ಇದೆಯಂತೆ, ಬನ್ನಿ" ಎಂದರು. ಅಷ್ಟೇ. ಎಷ್ಟು ಕಳೆದುಕೊಂಡಿರಿ ಎಂಬ ಪ್ರಶ್ನೆಯನ್ನು ಆ ದಿನ ಕೇಳಲಿಲ್ಲ, ಇಂದಿನವರೆಗೂ ಕೇಳಿಲ್ಲ.

ಜಗಲಿಯಲ್ಲಿ ಗೋಣಿ ಹಾಸಿ ಇಬ್ಬರೂ ಕುಳಿತೆವು. ನನ್ನ ಮೊಬೈಲು ಅವರ ಅಂಗಿಯ ಕಿಸೆಯಲ್ಲಿತ್ತು. ಮಣೆಗೆ ಕೂರಿಸಿದ ಕಬ್ಬಿಣದ ಮೊನೆಗೆ ಒಣ ಅಡಿಕೆಯನ್ನು ಒತ್ತಿ ತಿರುಚಿದರೆ ಸಿಪ್ಪೆ ಬಿಡುತ್ತದೆ. ಭಾವನ ಕೈಯಲ್ಲಿ ಎರಡು ತಿರುವು ಸಾಕು, ನನಗೆ ನಾಲ್ಕು ಬೇಕು. ಒಂದು ಗಂಟೆಯ ಹೊತ್ತಿಗೆ ನನ್ನ ಕೈ ತಾನಾಗಿ ಲುಂಗಿಯ ಮಡಿಕೆಯನ್ನು ತಡಕಿತು, ಅಲ್ಲಿ ಫೋನ್ ಇದ್ದ ಜಾಗವನ್ನು. ಭಾವ ನೋಡಿದರು, ಇನ್ನೊಂದು ಹಿಡಿ ಅಡಿಕೆಯನ್ನು ನನ್ನ ಮುಂದೆ ಸುರಿದರು. ಎಲೆಚುಕ್ಕಿ ರೋಗದ ಬಗ್ಗೆ ಮಾತಾಡಿದರು. ಔಷಧಿ ಬಿಡುವವರು ಸಿಗುವುದಿಲ್ಲ ಎಂದರು. ಮೂರು ಗಂಟೆಗೆ ನಾನು ಅತ್ತೆ. ಅವರು ಸುಲಿಯುತ್ತಲೇ ಇದ್ದರು, ಸ್ವಲ್ಪ ನಿಧಾನವಾಗಿ.

ಐದಕ್ಕೆ ಎದ್ದು ಸೊಂಟ ನೆಟ್ಟಗೆ ಮಾಡಿಕೊಂಡು, "ಇವತ್ತಿಗೆ ಇಷ್ಟು ಸಾಕು" ಎಂದರು. ಆಗ ನನ್ನ ರಾಶಿಯ ಕಡೆ ಕಣ್ಣು ಹೋಯಿತು. ಒಳ್ಳೆಯ ಅಡಿಕೆಯ ನಡುವೆ ಪಟೋರ, ಕರಿಗೋಟು ಎಂಬ ಕೀಳು ದರ್ಜೆಯ ಅಡಿಕೆಯನ್ನೆಲ್ಲ ಬೆರೆಸಿ ಹಾಕಿದ್ದೆ. ಭಾವ ಮತ್ತೆ ಕುಳಿತು ಒಂದೊಂದನ್ನೇ ಹೆಕ್ಕಿ ಬೇರೆ ಮಾಡಿದರು. ಹೀಗೆ ಹನ್ನೊಂದು ರಾತ್ರಿ ಬಂದರು. ಸುಲಿಯುವ ಅಡಿಕೆ ಏಳನೆಯ ದಿನಕ್ಕೇ ಮುಗಿದಿತ್ತು. ಕೊನೆಯ ನಾಲ್ಕು ರಾತ್ರಿ ಅವರ ಮನೆಯ ಚೀಲಗಳನ್ನು ಜೀಪಿನಲ್ಲಿ ತಂದಿದ್ದರು.

ಅದೇ ತಿಂಗಳು ತಮಿಳುನಾಡು, ಹಣದ ಆನ್‌ಲೈನ್ ಆಟಗಳನ್ನು ರಾತ್ರಿ 12ರಿಂದ ಬೆಳಗ್ಗೆ 5ರವರೆಗೆ ಮುಚ್ಚಬೇಕೆಂದು ನಿಯಮ ಮಾಡಿತ್ತು, ಜೂನ್‌ನಲ್ಲಿ ಮದ್ರಾಸ್ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಪತ್ರಿಕೆಯಲ್ಲಿ ಓದಿದಾಗ ನಗು ಬಂತು. ನನ್ನ ಹಣ ಹೋದದ್ದೆಲ್ಲ ಆ ಐದು ಗಂಟೆಗಳಲ್ಲೇ. ಹಗಲು ಸೋತವನು ಊಟಕ್ಕೆ ಏಳುತ್ತಾನೆ, ಯಾರಾದರೂ ಕರೆಯುತ್ತಾರೆ. ನಡುರಾತ್ರಿ ಸೋತವನನ್ನು ಎಬ್ಬಿಸುವವರಿಲ್ಲ, ಸೋತದ್ದನ್ನು ಮರಳಿ ಗೆಲ್ಲುವ ಒಂದೇ ಯೋಚನೆ. ಭಾವನಿಗೆ ಆ ನಿಯಮ ಗೊತ್ತೇ ಇರಲಿಲ್ಲ.

ನಮ್ಮ ಕೇರಳ 2021ರ ಫೆಬ್ರವರಿಯಲ್ಲೇ ಹಣದ ಆನ್‌ಲೈನ್ ರಮ್ಮಿಯನ್ನು ನಿಷೇಧಿಸಿತ್ತು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಆ ಆದೇಶವನ್ನು ರದ್ದುಪಡಿಸಿದ ದಿನ ನಾನು ಮನೆಯವಳಿಗೆ ಹೆಮ್ಮೆಯಿಂದ ಸುದ್ದಿ ತೋರಿಸಿದ್ದೆ. ರಮ್ಮಿ ಕೌಶಲದ ಆಟ, 1960ರ ದಶಕದಲ್ಲೇ ಸುಪ್ರೀಂ ಕೋರ್ಟು ಹೇಳಿದೆ ಎಂದು ವಾದಿಸಿದ್ದೆ. ಅವಳ ಬಳೆಗಳು ಹೋದದ್ದು ಆ ಕೌಶಲಕ್ಕೆ. ಕೊನೆಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. ಆಡಿಸುವವರಿಗೆ ಮೂರು ವರ್ಷದವರೆಗೆ ಜೈಲು, ಒಂದು ಕೋಟಿ ರೂಪಾಯಿವರೆಗೆ ದಂಡ. ಆಡುವವನಿಗೆ ಶಿಕ್ಷೆಯಿಲ್ಲ. ನನ್ನಂಥವನನ್ನು ಕಳ್ಳನೆನ್ನದೆ ಬಿಟ್ಟ ಆ ಒಂದು ಕಲಮಿಗೆ ನಾನು ಆಭಾರಿ. ಕಾನೂನು ಎಲ್ಲವನ್ನೂ ಮುಚ್ಚಿದೆ ಎಂದುಕೊಂಡವರು ನನ್ನ ಫೋನನ್ನು ನೋಡಬೇಕು. ಹೊರದೇಶದ ಬೆಟ್ಟಿಂಗ್ ಕೊಂಡಿಗಳು ಈಗಲೂ ಹೊಸ ಹೊಸ ನಂಬರಿನಿಂದ ಬರುತ್ತವೆ, ಬರುವುದು ಹೆಚ್ಚಾಗಿ ರಾತ್ರಿಯೇ.

ಮನೆಯವಳಿಗೆ ಇಲ್ಲಿ ಕೃತಜ್ಞತೆ ಹೇಳುವುದಿಲ್ಲ. ಅವಳ ಕೈ ಇನ್ನೂ ಬರಿದಾಗಿದೆ. ಬಳೆ ಬಿಡಿಸಿದ ದಿನ ಬೇರೆ ಬರೆಯುತ್ತೇನೆ, ಅಥವಾ ಬರೆಯುವುದಿಲ್ಲ.

ಭಾವ, ಈ ವರ್ಷದ ಅಡಿಕೆ ಚೆನ್ನಾಗಿ ಒಣಗಿದೆ. ಕೊಯ್ಲು ಕಡಿಮೆ, ಹನ್ನೊಂದು ರಾತ್ರಿಗಾಗುವಷ್ಟು ಇಲ್ಲ. ಭಾನುವಾರ ಅಕ್ಕನನ್ನೂ ಕರೆದುಕೊಂಡು ಹಗಲು ಹೊತ್ತಿಗೇ ಬನ್ನಿ. ಪಟೋರವನ್ನು ನಾನೇ ಹೆಕ್ಕಿ ಬೇರೆ ಇಟ್ಟಿದ್ದೇನೆ, ಒಮ್ಮೆ ನೋಡಿ ಹೇಳಿ.