ಗೌಂಡಿ ಕೆಲಸ ಕಲಿಸುವುದಾದರೆ ಶಾಲೆಗೆ ಮಣ್ಣು, ಇಟ್ಟಿಗೆ, ನೀರು ಕೊಡಿ

ಮಾನ್ಯ ಸಂಪಾದಕರೇ,

ಎಸ್ಸೆಸ್ಸೆಲ್ಸಿ ವೇಳಾಪಟ್ಟಿಯಲ್ಲಿ ತೃತೀಯ ಭಾಷೆಯ ದಿನವೇ ಎನ್‌ಎಸ್‌ಕ್ಯೂಎಫ್ (ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟು) ಅಡಿಯ ವೃತ್ತಿ ವಿಷಯಗಳ ಪರೀಕ್ಷೆಯೂ ಇರುತ್ತದೆ. ಮಾಹಿತಿ ತಂತ್ರಜ್ಞಾನ, ರಿಟೇಲ್, ಆಟೊಮೊಬೈಲ್, ಬ್ಯೂಟಿ ಅಂಡ್ ವೆಲ್‌ನೆಸ್ ಎಂಬ ಹೆಸರುಗಳು ಪೋಷಕರಿಗೆ ಈಗ ಪರಿಚಿತ. ಇತ್ತ ದಾವಣಗೆರೆಯ ಯಾವ ಹೊಸ ಬಡಾವಣೆಗೆ ಹೋದರೂ ಮನೆ ಏಳುತ್ತಿವೆ, ಒಳ್ಳೆಯ ಗೌಂಡಿಗಾಗಿ, ಟೈಲ್ಸ್ ಕೆಲಸದವರಿಗಾಗಿ ಮಾಲೀಕರು ಕಾಯುತ್ತಾರೆ. ಹಾಗಾಗಿ ಕಟ್ಟಡದ ಕಸಬುಗಳನ್ನು 9 ಮತ್ತು 10ನೇ ತರಗತಿಯಲ್ಲೇ ಕಲಿಸಬೇಕೆಂಬ ಮಾತನ್ನು ನಾವು ಒಪ್ಪುತ್ತೇವೆ. ಆದರೆ ಬೋರ್ಡಿನ ಮೇಲೆ ಇಟ್ಟಿಗೆಯ ಚಿತ್ರ ಬರೆದು ಕಲಿಸುವ ಹಾಗಿದ್ದರೆ ದಯವಿಟ್ಟು ಶುರು ಮಾಡಬೇಡಿ. ಈ ವಿಷಯಕ್ಕೆ ಪಠ್ಯಪುಸ್ತಕಕ್ಕಿಂತ ಮೊದಲು ಬೇಕಾದದ್ದು ಕಟ್ಟಿ ಕೆಡವಲು ಒಂದು ಅಂಗಳ.

ಅದಕ್ಕೆ ದೊಡ್ಡ ಖರ್ಚೇನೂ ಇಲ್ಲ. ಇಟ್ಟಿಗೆ 19×9×9 ಸೆಂ.ಮೀ. ಇದ್ದು, ಗಾರೆಯ ಸಂದು 1 ಸೆಂ.ಮೀ. ಹಿಡಿದರೆ ಒಂದು ವರಸೆಯ (ಇಟ್ಟಿಗೆ ಸಾಲಿನ) ಎತ್ತರ ಸರಿಯಾಗಿ 10 ಸೆಂ.ಮೀ. ಒಂದು ಮೀಟರ್ ಉದ್ದ, ಒಂದು ಮೀಟರ್ ಎತ್ತರದ ಅರ್ಧ ಇಟ್ಟಿಗೆ (9 ಸೆಂ.ಮೀ. ದಪ್ಪದ) ಗೋಡೆಗೆ 50 ಇಟ್ಟಿಗೆ. ಇಬ್ಬರಿಗೊಂದು ಗೋಡೆಯೆಂದರೆ 40 ಮಕ್ಕಳಿಗೆ 1,000 ಇಟ್ಟಿಗೆ, ಒಡೆಯುವುದಕ್ಕೆ ಇನ್ನೊಂದು ನೂರು. (ಊರಿನ ಭಟ್ಟಿಯ ಇಟ್ಟಿಗೆ ಈ ಅಳತೆಗೆ ಬರುವುದಿಲ್ಲ, ಲೆಕ್ಕವನ್ನು ಮಕ್ಕಳೇ ಮತ್ತೆ ಹಾಕಲಿ, ಅದೂ ಪಾಠವೇ.) ಮೊದಲ ಕೆಲವು ತಿಂಗಳು ಸಿಮೆಂಟ್ ಬೇಡವೇ ಬೇಡ. ಜರಡಿ ಹಿಡಿದ ಮಣ್ಣಿಗೆ ಮರಳು ಬೆರೆಸಿ ಕಲಸಿದ ಗಾರೆಯಲ್ಲೇ ಕಟ್ಟಲಿ. ಕೈ ಸುಡುವುದಿಲ್ಲ, ಸಂಜೆ ಗೋಡೆ ಕೆಡವಿ ಇಟ್ಟಿಗೆ ತೊಳೆದು ಅಡಕಿದರೆ ಮುಂದಿನ ವಾರಕ್ಕೆ ಅದೇ ಇಟ್ಟಿಗೆ. ಹೊಸಬರ ತಪ್ಪುಗಳೆಲ್ಲ ಈ ಗೋಡೆಯಲ್ಲೇ ಕಾಣುತ್ತವೆ: ಸಂದಿನ ಮೇಲೆ ಸಂದು ಬರುವುದು, ಗಾರೆ ಎರಡು ಸೆಂ.ಮೀ. ದಪ್ಪವಾಗಿ ಹತ್ತು ವರಸೆಗೆ ಎತ್ತರವೇ ತಪ್ಪುವುದು, ಗೋಡೆ ನೆಟ್ಟಗಿದೆಯೇ ಎಂದು ತೋರಿಸುವ ತೂಗುಗುಂಡನ್ನು ಕೊನೆಗೊಮ್ಮೆ ಮಾತ್ರ ಬಿಟ್ಟು ನೋಡುವುದು. ಮೂರು ವರಸೆಗೊಮ್ಮೆ ಗುಂಡು ಬಿಡದಿದ್ದರೆ ಆಮೇಲೆ ಗೋಡೆಯನ್ನು ತಟ್ಟಿ ನೆಟ್ಟಗೆ ಮಾಡಲು ಹೋಗುತ್ತಾರೆ, ಹಿಡಿದಿದ್ದ ಗಾರೆ ಬಿಡುತ್ತದೆ.

ವೇಳಾಪಟ್ಟಿಯದು ಇನ್ನೊಂದು ತೊಡಕು. 40 ನಿಮಿಷದ ಪಿರಿಯಡ್‌ನಲ್ಲಿ ಸಾಮಾನು ತೆಗೆದು ಗಾರೆ ಕಲಸುವ ಹೊತ್ತಿಗೆ ಅರ್ಧ ಹೋಗುತ್ತದೆ, ಕರಣೆ ಬಾಂಡ್ಲಿ ತೊಳೆಯಲು ಹತ್ತು ನಿಮಿಷ. ವಾರಕ್ಕೊಂದು ದಿನ ಮೂರು ಪಿರಿಯಡ್ ಒಟ್ಟಿಗೆ ಕೊಡಬೇಕು.

ಗಣಿತದ ಮೇಷ್ಟ್ರು ಜೊತೆಗಿದ್ದರೆ ಇನ್ನೂ ಒಳ್ಳೆಯದು. ನಮ್ಮ ಕಡೆಯ 30×40 ಸೈಟಿನ ಕರ್ಣ ಸರಿಯಾಗಿ 50 ಅಡಿ. ಪೈಥಾಗೊರಸ್ ಪ್ರಮೇಯಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಎಲ್ಲಿ ಸಿಗುತ್ತದೆ? ಮೈದಾನದಲ್ಲಿ ಗೂಟ ಹೊಡೆದು ಎರಡೂ ಕರ್ಣ ಅಳೆಯಲಿ. 3-4-5 ಅಡಿಯಲ್ಲಿ ಮೂಲೆ ತೆಗೆದರೆ ಅರ್ಧ ಇಂಚಿನ ತಪ್ಪು 40 ಅಡಿ ಮುಟ್ಟುವಾಗ ಐದಾರು ಇಂಚಾಗುತ್ತದೆ. ಅದಕ್ಕೇ 9-12-15 ಹಿಡಿಯಬೇಕು, ಟೇಪು ಜೋಲದಂತೆ ಬಿಗಿದೆಳೆಯಬೇಕು. ಮೂಲೆ ತಪ್ಪಿದ ಕೋಣೆ ಗಿಲಾವಿನಲ್ಲಿ ಮುಚ್ಚಿಹೋಗುತ್ತದೆ. ಟೈಲ್ಸ್ ಹಾಕುವ ದಿನ ಕೊನೆಯ ಸಾಲಿನ ತುಂಡುಗಳು ಒಂದು ತುದಿಯಲ್ಲಿ ನಾಲ್ಕು ಇಂಚು, ಇನ್ನೊಂದು ತುದಿಯಲ್ಲಿ ಎರಡು ಇಂಚಾದಾಗ ಬಯಲಾಗುತ್ತದೆ.

ಕಾಂಕ್ರೀಟಿನ ಪಾಠ ಅಳತೆ ಪೆಟ್ಟಿಗೆಯಿಂದ ಶುರುವಾಗಬೇಕು. 50 ಕೆ.ಜಿ. ಸಿಮೆಂಟ್ ಚೀಲವೆಂದರೆ ಸುಮಾರು 35 ಲೀಟರ್, 40×35×25 ಸೆಂ.ಮೀ. ಒಳ ಅಳತೆಯ ಮರದ ಪೆಟ್ಟಿಗೆಯೂ ಅಷ್ಟೇ. 1:1½:3 (ಸಿಮೆಂಟ್:ಮರಳು:ಜಲ್ಲಿ) ಮಿಶ್ರಣಕ್ಕೆ ಚೀಲವೊಂದಕ್ಕೆ ಒಂದೂವರೆ ಪೆಟ್ಟಿಗೆ ಮರಳು, ಮೂರು ಪೆಟ್ಟಿಗೆ ಜಲ್ಲಿ. ಸೈಟಿನಲ್ಲಿ ಬಾಂಡ್ಲಿ ಎಣಿಸುತ್ತಾರೆ. ಒಬ್ಬನ ಬಾಂಡ್ಲಿ ಗೋಪುರ, ಇನ್ನೊಬ್ಬನದು ಮುಕ್ಕಾಲು.

ಇದಕ್ಕಿಂತ ಕಣ್ಣಿಗೆ ಬೀಳದ ಮೋಸ ಒದ್ದೆ ಮರಳಿನದು. ತುಸು ತೇವವಿರುವ ಮರಳು ಉಬ್ಬಿಕೊಳ್ಳುತ್ತದೆ. ಇದನ್ನು ತರಗತಿಯಲ್ಲೇ ತೋರಿಸಬಹುದು. ಗಾಜಿನ ಜಾಡಿಗೆ 20 ಸೆಂ.ಮೀ. ತೇವದ ಮರಳು ತುಂಬಿ ಹೊರಗೆ ಸುರಿಯಿರಿ, ಜಾಡಿಗೆ ಅರ್ಧ ನೀರು ಹಾಕಿ ಅದೇ ಮರಳನ್ನು ಮತ್ತೆ ಬಿಟ್ಟು ಕಲಕಿ. ಕೂತ ಮೇಲೆ 16 ಸೆಂ.ಮೀ. ಇದ್ದರೆ ಉಬ್ಬು ಶೇ 25. ಮಕ್ಕಳು 4ನ್ನು 20ರಿಂದ ಭಾಗಿಸಿ ಶೇ 20 ಎನ್ನುತ್ತಾರೆ, ಭಾಗಿಸಬೇಕಾದದ್ದು 16ರಿಂದ. ಅಂದರೆ ಚೀಲಕ್ಕೆ ಒಂದೂವರೆ ಪೆಟ್ಟಿಗೆ, ಅಂದರೆ ಸುಮಾರು 52 ಲೀಟರ್ ಮರಳಿನ ಬದಲು 65 ಲೀಟರ್ ಅಳೆಯಬೇಕು. ಅಳೆಯದಿದ್ದರೆ ಮರಳು ಕಡಿಮೆಯಾಗಿ ಜಲ್ಲಿಯ ನಡುವೆ ಟೊಳ್ಳು ಗೂಡು ಬೀಳುತ್ತದೆ. ನೀರು, ಎಂ20 ಎನ್ನುವ ಇದೇ ನಾಮಿನಲ್ ಮಿಶ್ರಣಕ್ಕೆ, ಕಾಂಕ್ರೀಟಿನ ಭಾರತೀಯ ಮಾನದಂಡ ಐಎಸ್ 456ರ ಪ್ರಕಾರ ಚೀಲಕ್ಕೆ ಹೆಚ್ಚೆಂದರೆ 30 ಲೀಟರ್, ಮರಳಿನಲ್ಲಿರುವ ತೇವವೂ ಅದರ ಲೆಕ್ಕಕ್ಕೇ. ‘ಸ್ವಲ್ಪ ತೆಳ್ಳಗೆ ಇರಲಿ, ಬೇಗ ಹರಡುತ್ತೆ’ ಎಂದು ಬಕೆಟ್ ಸುರಿಯುವ ಅಭ್ಯಾಸ ಒಮ್ಮೆ ಕೈಗೆ ಬಂದರೆ ಬಿಡಿಸುವುದು ಕಷ್ಟ. ಹದಿನಾಲ್ಕನೇ ವಯಸ್ಸಿನಲ್ಲಿ ಕಲಿಸಿ ಎನ್ನುವುದಕ್ಕೆ ನಮ್ಮ ಮುಖ್ಯ ಕಾರಣವೇ ಇದು.

ಕಾಂಕ್ರೀಟನ್ನು ಒದ್ದೆಯಾಗಿಟ್ಟು ಗಟ್ಟಿ ಮಾಡುವ ಕ್ಯೂರಿಂಗ್‌ಗೆ ನೀರಿಲ್ಲವೆಂಬ ನೆಪ ಮಳೆ ಕಡಿಮೆಯ ಜಗಳೂರು ಕಡೆ ಕೇಳಿಬರುವುದು ಸಹಜ. ಒದ್ದೆ ಗೋಣಿಚೀಲ ಹೊದಿಸಿ ಆರದಂತೆ ನೋಡಿಕೊಂಡರೆ ಪೈಪ್ ಹಿಡಿದು ಹರಿಸುವುದಕ್ಕಿಂತ ಎಷ್ಟೋ ಕಡಿಮೆ ನೀರು ಸಾಕು. ಸಾಮಾನ್ಯ ಸಿಮೆಂಟಿಗೆ ಕನಿಷ್ಠ 7 ದಿನ, ಬಿಸಿಲು ಹೆಚ್ಚಿದ್ದರೆ ಅಥವಾ ಹಾರುಬೂದಿಯಂಥದ್ದು ಬೆರೆತ ಪಿಪಿಸಿ ಸಿಮೆಂಟ್ ಬಳಸಿದ್ದರೆ 10 ದಿನ.

ಕಂಬಿ ಕೆಲಸಕ್ಕೆ 8 ಎಂ.ಎಂ. ಸರಳು ಸಾಕು. ವ್ಯಾಸದ ವರ್ಗವನ್ನು 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆ.ಜಿ. ಎಂದು ಸಿಗುತ್ತದೆ, 8 ಎಂ.ಎಂ.ಗೆ 0.395, 12 ಮೀಟರಿನ ಸರಳಿಗೆ 4.74 ಕೆ.ಜಿ. ಕಂಬ, ತೊಲೆಯ ಸರಳುಗಳನ್ನು ಸುತ್ತಿ ಹಿಡಿಯುವ ರಿಂಗಿನ ಕೊಕ್ಕೆ 135 ಡಿಗ್ರಿ ಒಳಕ್ಕೆ ಬಾಗಬೇಕು, 90ಕ್ಕೆ ನಿಲ್ಲಿಸಿದರೆ ಒತ್ತಡ ಬಿದ್ದಾಗ ಬಿಚ್ಚಿಕೊಳ್ಳುತ್ತದೆ. ಸ್ಲ್ಯಾಬಿನ ಸರಳನ್ನು ತಳದಿಂದ ಎತ್ತಿ ಹಿಡಿಯುವ 20 ಎಂ.ಎಂ. ಕವರ್ ಬ್ಲಾಕುಗಳನ್ನು ಮಕ್ಕಳೇ ಎರಕ ಹೊಯ್ಯಬಹುದು. ವೈರಿಂಗ್ ಅಭ್ಯಾಸ ಕರೆಂಟಿಲ್ಲದ ಹಲಗೆಯ ಮೇಲೆ ನಡೆಯಲಿ.

ಇನ್ನು ನಾವು ಗಟ್ಟಿಯಾಗಿ ಹೇಳಬೇಕಾದದ್ದು. 14ರಿಂದ 18 ವರ್ಷದವರನ್ನು ಅಪಾಯಕಾರಿ ಕೆಲಸಕ್ಕೆ ಹಚ್ಚುವುದು ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ನಂತರ ಅಪರಾಧ. ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯ ನೋಂದಣಿಯೂ 18 ತುಂಬಿದವರಿಗೇ. ‘ಇಂಟರ್ನ್‌ಶಿಪ್’ ಹೆಸರಿನಲ್ಲಿ ಗುತ್ತಿಗೆದಾರರಿಗೆ ಪುಕ್ಕಟೆ ಆಳು ಒದಗಿಸುವ ದಾರಿ ಇದಾಗಬಾರದು. ಮಕ್ಕಳು ಶಾಲೆಯ ಕಾಂಪೌಂಡ್ ದಾಟುವಂತಿಲ್ಲ, ಸಾರ್ವೆ ಏರುವಂತಿಲ್ಲ, 50 ಕೆ.ಜಿ. ಚೀಲ ಎತ್ತುವಂತಿಲ್ಲ, ಅರ್ಧರ್ಧ ಬಕೆಟ್‌ನಲ್ಲಿ ಹೊರಲಿ. ಒದ್ದೆ ಸಿಮೆಂಟ್ ಪ್ರಬಲ ಕ್ಷಾರ. ಬೂಟಿನೊಳಗೆ ಅರ್ಧ ಗಂಟೆ ಉಳಿದರೂ ಚರ್ಮ ಸುಡಬಹುದು, ಮೊದಮೊದಲು ನೋವೇ ಗೊತ್ತಾಗುವುದಿಲ್ಲ. ರಬ್ಬರ್ ಕೈಗವಸು, ಗಮ್ ಬೂಟು, ಕನ್ನಡಕ ಇಲ್ಲದ ದಿನ ಸಿಮೆಂಟ್ ಚೀಲ ಬಿಚ್ಚಬಾರದು.

ಕಲಿಸುವವರು ಯಾರು? ಡಿಪ್ಲೊಮಾ ಇದ್ದವರಿಗೆ ಕರಣೆ ಹಿಡಿದು ರೂಢಿಯಿಲ್ಲ, ಕರಣೆ ಹಿಡಿದವರಿಗೆ ಸರ್ಟಿಫಿಕೇಟಿಲ್ಲ. ಇಬ್ಬರೂ ಬೇಕು. ಗೌಂಡಿಗೆ ಅತಿಥಿ ಶಿಕ್ಷಕರ ಗೌರವಧನ ಸಾಲುವುದಿಲ್ಲ, ಅವರ ಆ ದಿನದ ಕೂಲಿಯನ್ನೇ ಕೊಡಬೇಕು. ಹೆಣ್ಣುಮಕ್ಕಳ ಮಾತೂ ಇದೆ. ನಮ್ಮ ಸೈಟುಗಳಲ್ಲಿ ಬಾಂಡ್ಲಿ ಹೊರುವ ಹೆಂಗಸರ ಕೈಗೆ ಕರಣೆ ಕೊಡುವವರೇ ಇಲ್ಲ. ಶಾಲೆಯಲ್ಲಾದರೂ ಹುಡುಗಿಯರಿಗೆ ಬಣ್ಣದ ಕೆಲಸ, ಹುಡುಗರಿಗೆ ಗೋಡೆ ಎಂದು ಪಾಲು ಮಾಡಬೇಡಿ. ಮುಂದೆ ಬೇಕೆನಿಸಿದವರಿಗೆ ಐಟಿಐನಲ್ಲಿ ಒಂದು ವರ್ಷದ ಮೇಸನ್ ಟ್ರೇಡ್ ಇದ್ದೇ ಇದೆ.

ಜಿಲ್ಲೆಯ ಆರು ತಾಲ್ಲೂಕುಗಳಲ್ಲಿ ಮೊದಲು ಒಂದೊಂದು ಪ್ರೌಢಶಾಲೆ ಸಾಕು. ಜೂನ್ ಮಳೆಗೆ ಮೊದಲೇ 20×30 ಅಡಿಯ ತಗಡಿನ ಶೆಡ್ ನಿಲ್ಲಬೇಕು. ಪ್ರಾಯೋಗಿಕ ಪರೀಕ್ಷೆಯಲ್ಲಿ ಅಂಕವನ್ನು ತೂಗುಗುಂಡು, ಟೇಪುಗಳೇ ಕೊಡಲಿ: ಒಂದು ಮೀಟರ್ ಎತ್ತರಕ್ಕೆ 5 ಎಂ.ಎಂ.ಗಿಂತ ಹೆಚ್ಚು ವಾಲಿದ ಗೋಡೆಗೆ ಅಂಕ ಕಡಿತ, ಸಂದಿನ ಮೇಲೆ ಸಂದು ಬಂದಿದ್ದರೆ ಕೆಡವಿ ಮತ್ತೆ ಕಟ್ಟಲು ಇನ್ನೊಂದು ಅವಕಾಶ.

– ಕೆಲವು ಸಿವಿಲ್ ಎಂಜಿನಿಯರುಗಳು ಮತ್ತು ಮೇಸ್ತ್ರಿಗಳು, ದಾವಣಗೆರೆ