ತಮ್ಮನಿಗೆ ಸಿಕ್ಕಿದ್ದು ಅಕ್ಕನಿಗೂ ಸಿಗಲಿ: ಐರ್ಲೆಂಡಿನ ನ್ಯಾಯ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನನ್ನ ಮಗ ಐರಿಷ್ ಪ್ರಜೆ. ಅವನ ಅಕ್ಕ ಅಲ್ಲ. ಇಬ್ಬರೂ ಒಂದೇ ತಂದೆ ತಾಯಿಯ ಮಕ್ಕಳು, ಹುಟ್ಟಿದ್ದು ಒಂದೇ ಊರಿನಲ್ಲಿ. ಐರ್ಲೆಂಡಿನ ಮೇಯೋ ಕೌಂಟಿಯಲ್ಲಿ ಹುಟ್ಟಿದ ಮುತ್ತಜ್ಜಿಯೂ ಇಬ್ಬರಿಗೂ ಒಬ್ಬರೇ. ಮಗಳು ಹುಟ್ಟಿದ್ದು 2014ರಲ್ಲಿ, ಮಗ 2019ರಲ್ಲಿ. ನನ್ನ ಗಂಡನ ಹೆಸರು ನಿಮ್ಮ ದೇಶದ ವಿದೇಶಿ ಜನನ ನೋಂದಣಿಗೆ, ಅಂದರೆ ಹೊರದೇಶದಲ್ಲಿ ಹುಟ್ಟಿದ ಐರಿಷ್ ಮೂಲದವರನ್ನು ಪ್ರಜೆಗಳಾಗಿ ದಾಖಲಿಸುವ ಪಟ್ಟಿಗೆ, ಸೇರಿದ್ದು ನಡುವೆ, 2017ರಲ್ಲಿ. ವ್ಯತ್ಯಾಸ ಇಷ್ಟೇ.

ಇದರಲ್ಲಿ ಯಾವ ಅಧಿಕಾರಿಯ ತಪ್ಪೂ ಇಲ್ಲ. ಕಾನೂನು ಇರುವುದೇ ಹಾಗೆ. ಅದಕ್ಕೇ ಕಾನೂನು ತಿದ್ದುವ ಪ್ರಸ್ತಾವ ತರಬಲ್ಲ ನಿಮಗೆ ಬರೆಯುತ್ತಿದ್ದೇನೆ. ಇಂಗ್ಲಿಷ್ ಪ್ರತಿಯನ್ನು ಅಂಚೆಯಲ್ಲಿ ಕಳಿಸಿದ್ದೇನೆ. ಐರಿಷ್ ಮೂಲದವರನ್ನು ಮದುವೆಯಾಗಿ ಬ್ರಿಟನ್ನಿನಲ್ಲಿರುವ ಇತರ ಕನ್ನಡದವರಿಗೆ ಮಗು ಹುಟ್ಟುವ ಮೊದಲೇ ಈ ವಿಷಯ ಗೊತ್ತಾಗಲಿ ಎಂದು ಕನ್ನಡದಲ್ಲೂ ಬರೆದೆ.

ಅವರಿಗಾಗಿ ನಿಯಮವನ್ನು ಬಿಡಿಸಿ ಹೇಳುತ್ತೇನೆ. ಐರ್ಲೆಂಡ್ ದ್ವೀಪದಲ್ಲಿ ಹುಟ್ಟಿದ ಐರಿಷ್ ಪ್ರಜೆಯ ಮಕ್ಕಳು ಎಲ್ಲೇ ಹುಟ್ಟಿರಲಿ, ಹುಟ್ಟಿನಿಂದಲೇ ಐರಿಷ್ ಪ್ರಜೆಗಳು. ನನ್ನ ಅತ್ತೆ ಹಾಗೆ. ಮೊಮ್ಮಕ್ಕಳಿಗೆ ಹಕ್ಕು ಇದೆ, ಆದರೆ ಅವರು ನೋಂದಣಿ ಮಾಡಿಸಿಕೊಳ್ಳಬೇಕು, ಪೌರತ್ವ ಶುರುವಾಗುವುದು ನೋಂದಣಿಯಾದ ದಿನದಿಂದ. ತೊಡಕು ಇರುವುದು ಮರಿಮಕ್ಕಳ ವಿಷಯದಲ್ಲಿ. ಅವರು ಹುಟ್ಟುವ ಹೊತ್ತಿಗೆ ಅಪ್ಪ ಅಥವಾ ಅಮ್ಮನ ನೋಂದಣಿ ಆಗಿದ್ದರೆ ಮಾತ್ರ ಅವರಿಗೂ ಹಕ್ಕು. ಆಮೇಲೆ ಆದರೆ, ಒಂದೇ ವಾರ ತಡವಾಗಿದ್ದರೂ, ಇಲ್ಲ.

ಹಿಂದೆ ಹೀಗಿರಲಿಲ್ಲ. 1986ರ ಮಧ್ಯದವರೆಗೆ ನೋಂದಣಿಯಾದವರನ್ನು ಹುಟ್ಟಿದ ದಿನದಿಂದಲೇ ಪ್ರಜೆಗಳೆಂದು ಎಣಿಸುತ್ತಿದ್ದರು. 1956ರ ಜುಲೈಗಿಂತ ಮೊದಲು ಹುಟ್ಟಿದವರಿಗೆ ಆ ವರ್ಷದ ಪೌರತ್ವ ಕಾಯ್ದೆ ಬಂದ ದಿನದಿಂದ. 1986ರ ತಿದ್ದುಪಡಿ ಅದನ್ನು ತೆಗೆದುಹಾಕಿತು. ನಾನು ಕೇಳಲು ಹೊರಟಿರುವುದು ನಿಮ್ಮ ದೇಶಕ್ಕೆ ಹೊಸದಲ್ಲ.

ಇಷ್ಟು ವರ್ಷ ಯಾಕೆ ನೋಂದಣಿ ಮಾಡಿಸಲಿಲ್ಲ ಎಂದು ನೀವು ಕೇಳಬಹುದು. ನನ್ನ ಗಂಡನ ಅಜ್ಜಿ 1950ರ ದಶಕದಲ್ಲಿ ಮೇಯೋ ಬಿಟ್ಟು ಬರ್ಮಿಂಗ್‌ಹ್ಯಾಮಿಗೆ ಬಂದು ಆಸ್ಪತ್ರೆಯಲ್ಲಿ ನರ್ಸ್ ಆದವರು. ಆ ಹತ್ತು ವರ್ಷಗಳಲ್ಲಿ ಸುಮಾರು ನಾಲ್ಕು ಲಕ್ಷ ಜನ ನಿಮ್ಮ ದೇಶ ಬಿಟ್ಟು ಹೋದರು. 1961ರ ಜನಗಣತಿಯ ಹೊತ್ತಿಗೆ ಉಳಿದವರು ಸುಮಾರು 28 ಲಕ್ಷ. ಅಜ್ಜಿ ಸಂಬಳದಲ್ಲಿ ಒಂದು ಪಾಲನ್ನು ತಪ್ಪದೆ ತವರಿಗೆ ಕಳಿಸುತ್ತಿದ್ದರಂತೆ. ಗಲ್ಫಿನಿಂದ ಬರುವ ಹಣದಲ್ಲಿ ಸಂಸಾರ ಸಾಗಿಸುವ ಮನೆಗಳ ನಡುವೆ ಕುಂದಾಪುರದಲ್ಲಿ ಬೆಳೆದವಳು ನಾನು. ಹಾಗೆ ದುಡಿದವರ ಬದುಕು ಎಂಥದೆಂದು ನನಗೆ ಗೊತ್ತು.

ಪಾಸ್‌ಪೋರ್ಟು, ನೋಂದಣಿ ಎಂದು ಆ ಮನೆಯಲ್ಲಿ ಯಾರೂ ಮಾತಾಡಿದ್ದಿಲ್ಲ, ಮಾತಾಡುವ ಅಗತ್ಯವೂ ಇರಲಿಲ್ಲ. ಬ್ರಿಟನ್ ಯುರೋಪಿಯನ್ ಒಕ್ಕೂಟದಲ್ಲಿದ್ದಾಗ ಎರಡು ಪಾಸ್‌ಪೋರ್ಟಿಗೂ ಹೆಚ್ಚುಕಮ್ಮಿ ಒಂದೇ ಬೆಲೆ. 2016ರ ಜೂನ್‌ನಲ್ಲಿ ಬ್ರೆಕ್ಸಿಟ್ ಮತದಾನ ನಡೆದ ಮೇಲೆ ಊರಿನ ಎಷ್ಟೋ ಮನೆಗಳಲ್ಲಿ ಹಳೆಯ ಜನನ ಪತ್ರಗಳನ್ನು ಹುಡುಕತೊಡಗಿದರು. ಅಷ್ಟರಲ್ಲಿ ನನ್ನ ಮಗಳು ಹುಟ್ಟಿ ಎರಡು ವರ್ಷವಾಗಿತ್ತು.

ಬ್ರಿಟಿಷ್ ಪ್ರಜೆಯಾದ ಅವಳು ಐರ್ಲೆಂಡಿಗೆ ಬಂದು ಇರಬಹುದು, ಓದಬಹುದು, ದುಡಿಯಬಹುದು, ಎರಡು ದೇಶಗಳ ನಡುವೆ ಆ ಒಪ್ಪಂದ ಇದೆ ಎಂಬುದು ಗೊತ್ತು. ಆದರೆ ಒಕ್ಕೂಟದಲ್ಲಿರುವ ದೇಶದ ಪ್ರಜೆಯಾದ ತಮ್ಮ ಲಿಸ್ಬನ್‌ನಲ್ಲೋ ಬರ್ಲಿನ್‌ನಲ್ಲೋ ಹಕ್ಕಿನಿಂದ ಓದಿ ನೆಲೆಸುವಾಗ ಅಕ್ಕ ವೀಸಾಕ್ಕೆ ಕಾಯಬೇಕು. ಇಲ್ಲಿಗೇ ಮುಗಿಯುವುದೂ ಇಲ್ಲ. ಮಗನ ನೋಂದಣಿ ಈಗಾಗಲೇ ಆಗಿರುವುದರಿಂದ ನಾಳೆ ಅವನ ಮಕ್ಕಳಿಗೂ ಹಕ್ಕು ಬರುತ್ತದೆ, ಮಗಳ ಮಕ್ಕಳಿಗೆ ಬರುವುದಿಲ್ಲ. ಒಂದೇ ಮನೆತನ ತಲೆಮಾರುಗಟ್ಟಲೆ ಎರಡು ಪಾಲಾಗುತ್ತದೆ. ನನಗೆ ಹೆಚ್ಚು ಸಂಕಟವಾಗುವುದು ಇದಕ್ಕೇ.

ಐರಿಷ್ ನಂಟಿನ ಆಧಾರದಲ್ಲಿ ಪೌರತ್ವ ಕೇಳಲು 1956ರ ಕಾಯ್ದೆಯ 16ನೇ ಸೆಕ್ಷನ್ ಇದೆ ಎನ್ನುತ್ತಾರೆ. ಅದು ಪೂರ್ತಿ ಸಚಿವರ ವಿವೇಚನೆಗೆ ಬಿಟ್ಟ ವಿಷಯ. ತಮ್ಮನಿಗೆ ಹಕ್ಕಾಗಿ ಬಂದದ್ದನ್ನು ಅಕ್ಕ ಅನುಗ್ರಹವೆಂದು ಬೇಡುವುದು ಸರಿಯಲ್ಲ.

ನಾನು ಹುಟ್ಟಿದ ದೇಶ ಎರಡು ಪೌರತ್ವವನ್ನು ಒಪ್ಪುವುದಿಲ್ಲ. ಸಾಗರೋತ್ತರ ಭಾರತೀಯರಿಗೆ ಕೊಡುವ ಒಸಿಐ ಕಾರ್ಡಿನಲ್ಲಿ ಮತದಾನದ ಹಕ್ಕೂ ಇಲ್ಲ. ಆದರೂ 2015ರ ತಿದ್ದುಪಡಿಯ ನಂತರ ಅದು ಮರಿಮಕ್ಕಳವರೆಗೆ ಸಿಗುತ್ತದೆ, ಮತ್ತು ನಿಮ್ಮಲ್ಲಿಯ ಹಾಗೆ ಅಪ್ಪ ಅಮ್ಮನ ನೋಂದಣಿ ಮಗು ಹುಟ್ಟುವ ಮೊದಲೇ ಆಗಿರಬೇಕೆಂಬ ಷರತ್ತಿಲ್ಲ. ನನ್ನ ಇಬ್ಬರು ಮಕ್ಕಳ ಬಳಿಯೂ ಆ ಕಾರ್ಡ್ ಇದೆ. ಹೊರನಾಡಿನಲ್ಲಿರುವ ಐರಿಷ್ ಮೂಲದವರೊಂದಿಗಿನ ವಿಶೇಷ ನಂಟನ್ನು ಸಂವಿಧಾನದ 2ನೇ ವಿಧಿಯಲ್ಲೇ ಬರೆದುಕೊಂಡಿರುವ ದೇಶ ನಿಮ್ಮದು. ಅದರ ಪೌರತ್ವ ಕಾನೂನು ಇನ್ನಷ್ಟು ಉದಾರವಾಗಿರಬೇಕಲ್ಲವೇ?

ಅರ್ಜಿಗಳ ಮಹಾಪೂರ ಬಂದೀತು ಎಂಬ ಭಯ ಬೇಡ. ಮರಿಮಕ್ಕಳೆಲ್ಲರಿಗೂ ಕೊಡಿ ಎಂದು ನಾನು ಕೇಳುತ್ತಿಲ್ಲ. ಅಪ್ಪ ಅಥವಾ ಅಮ್ಮನ ನೋಂದಣಿಯಾದ ದಿನ 18 ತುಂಬಿರದ ಮಕ್ಕಳಿಗೆ ನೋಂದಣಿಯ ಹಕ್ಕು ಕೊಡಿ. 1956ರ ಕಾಯ್ದೆಯ 7 ಮತ್ತು 27ನೇ ಸೆಕ್ಷನ್‌ಗಳಿಗೆ ಅಷ್ಟು ಸೇರಿಸಿದರೆ ಸಾಕು. ವಂಶದ ದಾಖಲೆಗಳನ್ನು ಹೊಸದಾಗಿ ಹುಡುಕಬೇಕಾಗಿಯೂ ಇಲ್ಲ. ಅಜ್ಜಿಯ ಜನನ ಪತ್ರ, ಮದುವೆಯ ಪತ್ರ, ಅತ್ತೆಯದು, ಗಂಡನದು, ಎಲ್ಲವನ್ನೂ ಮಗನ ಅರ್ಜಿಯಲ್ಲಿ ಒಮ್ಮೆ ಪರಿಶೀಲಿಸಿ ಒಪ್ಪಿದ್ದಾಗಿದೆ. ಮಗಳದಾಗಿ ಸೇರಬೇಕಾದದ್ದು ಅವಳ ಜನನ ಪತ್ರ, ಗುರುತಿನ ಕಾಗದಗಳು, ಮಕ್ಕಳಿಗೆ ನಿಗದಿಯಾದ ಶುಲ್ಕ.

ಈ ತಿದ್ದುಪಡಿಯನ್ನು ಸಂಸತ್ತಿನ ಮುಂದೆ ತರುವಿರಾ, ತರುವುದಿಲ್ಲವಾದರೆ ಯಾಕೆ, ಎಂದು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.

ಇತಿ,
ಬರ್ಮಿಂಗ್‌ಹ್ಯಾಮಿನ ಒಬ್ಬ ಕನ್ನಡತಿ, ಇಬ್ಬರು ಮಕ್ಕಳ ತಾಯಿ