ಒಂದು ಗಂಟಿನ ಹೊತ್ತು

ಮಲೇಬೆನ್ನೂರು
ಶುಕ್ರವಾರ ರಾತ್ರಿ

ಪ್ರೀತಿಯ ಪುಟ್ಟನಿಗೆ ಮಾವನ ಆಶೀರ್ವಾದ.

ನಿನ್ನ ಕಾಗದ ಮೂರು ಸಲ ಓದಿದೆ. ಗಂಗಾವತಿಯ ಊಟ, ರೂಮು, ಸಂಬಳ, ಹುಲ್ಲನ್ನು ಒತ್ತಿ ದಾರದಿಂದ ಕಟ್ಟೋ ಬೇಲರ್ ಮೆಷಿನ್ನಿನ ಕೆಲಸ ಎಲ್ಲ ನಿಮ್ಮಮ್ಮನಿಗೂ ಓದಿ ಹೇಳಿದೆ. ಒಂದು ಸಾಲು ಮಾತ್ರ ನುಂಗಿಕೊಂಡೆ. "ದಾರ ಕಟ್ಟಾದರೆ ಗಾಡಿ ಬಂದ್ ಮಾಡೋದಿಲ್ಲ ಮಾವ, ಇಳಿದು ಹಾಗೇ ಗಂಟು ಹಾಕಿಬಿಡ್ತೀನಿ. ನಿಲ್ಲಿಸಿದರೆ ಓನರ್ ಬೈತಾರೆ ಅನ್ನೋದೇ ಭಯ." ಹಾಕಿದ ಗಂಟು ಯಾಕೆ ಬಿಚ್ಚಿಕೊಳ್ಳುತ್ತೆ ಅಂತ ನೀನು ಕೇಳಿದ್ದೀಯ. ನನಗೆ ಆ ಪ್ರಶ್ನೆ ತಲೆಗೇ ಹೋಗಲಿಲ್ಲ. ಕಣ್ಣು ಮುಚ್ಚಿದರೆ ನಿನ್ನ ಕೈ ಕಾಣುತ್ತಿದೆ.

ಹೋದ ವರ್ಷ ನಮ್ಮ ಗದ್ದೆಗೂ ಆ ಬೇಲರ್ ಬಂದಿತ್ತು. ಮೂರು ದಿನ ಅದರ ಹಿಂದೆಯೇ ಓಡಾಡಿದೆ. ದಾರ ಹೊತ್ತು ಕೆಳಗಿನಿಂದ ಎರಡು ಸೂಜಿ ಏಳುತ್ತವಲ್ಲ, ಕುಡುಗೋಲಿನ ಹಾಗೆ ಬಾಗಿದವು, ಅವನ್ನೇ ನೋಡುತ್ತಾ ನಿಂತಿದ್ದೆ. ಬೇಲು ಅಂದರೆ ಆ ಹುಲ್ಲಿನ ಕಟ್ಟು, ಅದರ ಉದ್ದ ಅಳೆಯೋ ಮುಳ್ಳುಚಕ್ರ ತನ್ನ ಸುತ್ತು ಮುಗಿಸಿದ ಕೂಡಲೇ ಎದ್ದು ಬರುತ್ತವೆ. ಯಾರ ಕೈ ಅಡ್ಡ ಇದೆ ಅಂತ ಅವಕ್ಕೇನು ಗೊತ್ತು? ಟ್ರ್ಯಾಕ್ಟರಿನ ಹಿಂದೆ ಮೆಷಿನ್ ಓಡಿಸೋ ದಂಡ, ಅದೇ ಪಿಟಿಒ, ನಿಮಿಷಕ್ಕೆ 540 ಸುತ್ತು ತಿರುಗುತ್ತೆ. ಸೆಕೆಂಡಿಗೆ 9. ನೀನು ಹೆಗಲ ಮೇಲೆ ಟವೆಲ್ ಹಾಕಿಕೊಂಡೇ ಕೆಲಸ ಮಾಡೋನು. ಅದರ ತುದಿ ಸಿಕ್ಕರೆ ಅಯ್ಯೋ ಅನ್ನೋದಕ್ಕೂ ಹೊತ್ತಿಲ್ಲ ಪುಟ್ಟಾ.

ಪಿಟಿಒ ಬಿಡಿಸಿದ ಮಾತ್ರಕ್ಕೆ ಎಲ್ಲ ನಿಂತಿತು ಅಂದುಕೊಳ್ಳಬೇಡ. ಬೇಲರಿನ ಆ ದೊಡ್ಡ ಭಾರದ ಚಕ್ರ, ಫ್ಲೈವೀಲ್, ಸುಮಾರು ಹೊತ್ತು ತನ್ನ ಪಾಡಿಗೆ ತಿರುಗುತ್ತಲೇ ಇರುತ್ತೆ. ಅದು ಪೂರ್ತಿ ನಿಂತದ್ದನ್ನು ಕಣ್ಣಾರೆ ನೋಡಿದ ಮೇಲೆ ಹತ್ತಿರ ಹೋಗು.

ಒಂದು ವಿಷಯ ನಿನಗೆ ಯಾರೂ ಹೇಳಿಲ್ಲ ಅನ್ನಿಸುತ್ತೆ. ನಾನೂ ನಿಮ್ಮತ್ತೆಗೆ ಬಿಟ್ಟರೆ ಬೇರೆಯವರಿಗೆ ಹೇಳಿದವನಲ್ಲ. 1986ರ ಸುಗ್ಗಿಯಲ್ಲಿ ನಾನು ಟ್ರ್ಯಾಕ್ಟರ್ ಸೀಟಿನ ಮೇಲೆ ಕೂತಿದ್ದೆ. ಜೋಳ ಒಕ್ಕೋ ಮೆಷಿನ್ ಬಾಡಿಗೆಗೆ ತಂದಿದ್ದು, ಗಂಟೆ ಲೆಕ್ಕ. ಒಕ್ಕೋ ಮೆಷಿನ್‌ಗಳಲ್ಲಿ ಕೈ ಕಳೆದುಕೊಳ್ಳೋರು ಜಾಸ್ತಿ ಆದರು ಅಂತಲೇ 1983ರಲ್ಲಿ ಸರ್ಕಾರ ಕಾಯಿದೆ ಮಾಡಿತ್ತು. ನಮ್ಮ ಕಣಕ್ಕೆ ಬಂದದ್ದರ ಬಾಯಿಗೆ ಒಂದು ತಗಡಿನ ಮುಚ್ಚಳವೂ ಇರಲಿಲ್ಲ. ತೆನೆ ಒಡ್ಡುತ್ತಿದ್ದವನು ನನ್ನ ಜೊತೆ ಓದಿದವನು. ಹಸಿ ದಂಟು ಸಿಕ್ಕಿಹಾಕಿಕೊಂಡಿತು. "ನಿಲ್ಲಿಸಲಾ?" ಅಂದೆ. "ಬೇಡ ಬಿಡೋ, ಒಂದೇ ನಿಮಿಷ" ಅಂದ. ನನ್ನ ಕೈ ಲಿವರ್ ಮೇಲೇ ಇತ್ತು. ಎಳೆಯಲಿಲ್ಲ. ಬಾಡಿಗೆಯವನು ಗಡಿಯಾರ ನೋಡುತ್ತಾ ನಿಂತಿದ್ದ, ನನಗೂ ಅವನ ಭಯ.

ಬಲಗೈಯ ನಾಲ್ಕು ಬೆರಳು ಹೋದವು. ಆಮೇಲೆ ಅವನು ಮದುವೆಗಳಿಗೆ ಬರುತ್ತಿದ್ದ, ಆದರೆ ಮಂಟಪದ ಹತ್ತಿರ ಬರುತ್ತಿರಲಿಲ್ಲ. ಎಡಗೈಯಲ್ಲಿ ಅಕ್ಷತೆ ಹಾಕಬಾರದಲ್ವಾ. ನನ್ನ ಮದುವೆಯಲ್ಲೂ ಕಂಬದ ಹಿಂದೆ ನಿಂತಿದ್ದ, ಹೆಬ್ಬೆರಳು ಮಾತ್ರ ಉಳಿದ ಕೈಯನ್ನು ಶಲ್ಯದೊಳಗೆ ಮುಚ್ಚಿಕೊಂಡು. ಒಂದು ದಿನವೂ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಓನರ್ ಬೈತಾರೆ ಅಂತ ನೀನು ಬರೆದದ್ದು ಓದಿದಾಗ ನನಗೆ ಆ ಗಡಿಯಾರ ನೋಡುತ್ತಿದ್ದವನ ಮುಖ ನೆನಪಾಯಿತು. ಬೈಗುಳ ಸಂಜೆಗೆ ಮರೆತುಹೋಗುತ್ತೆ ಪುಟ್ಟಾ.

ಗಂಟಿನ ವಿಚಾರ. ನನಗೆ ತಿಳಿದಷ್ಟು ಹೇಳುತ್ತೇನೆ, ನಿಮ್ಮ ಮೆಷಿನ್ ಹಳೇದು, ಅಲ್ಲಿನವರನ್ನೂ ಒಂದು ಮಾತು ಕೇಳು. ಪ್ಲಾಸ್ಟಿಕ್ ದಾರ ಜಾರುತ್ತೆ. ಗಂಟು ಹಾಕಿ ಎರಡೂ ಕಡೆ ಜೋರಾಗಿ ಎಳೆದು ನೋಡು. ಬಾಲ ಉದ್ದ ಬಿಟ್ಟರೆ ದಾರ ಹಾಯುವ ಬಳೆಗಳಲ್ಲಿ ಸಿಕ್ಕಿಕೊಳ್ಳುತ್ತೆ, ತೀರಾ ಗಿಡ್ಡ ಕೊಯ್ದರೆ ಬಿಚ್ಚಿಕೊಳ್ಳುತ್ತೆ. ಒಂದು ಬೆರಳಿನ ಅಗಲ ಬಿಟ್ಟರೆ ಸಾಕು. ಉಂಡೆಯ ಒಳಗಿನಿಂದ ದಾರ ಬರುತ್ತಲ್ಲ, ಹಾಗಾಗಿ ಮೊದಲ ಉಂಡೆಯ ಹೊರತುದಿಗೆ ಮುಂದಿನ ಉಂಡೆಯ ಒಳತುದಿ ಸೇರಬೇಕು. ಇದನ್ನೆಲ್ಲ ಬೆಳಿಗ್ಗೆಯೇ, ಇಬ್ಬನಿ ಆರುವ ತನಕ ಹೇಗೂ ಕಾಯುತ್ತೀರಲ್ಲ, ಆಗ ಮುಗಿಸಿಕೋ. ಗದ್ದೆ ಮಧ್ಯೆ ಹಾಕೋ ಗಂಟುಗಳು ಅರ್ಧದಷ್ಟು ಕಡಿಮೆ ಆಗುತ್ತವೆ.

ಪದೇ ಪದೇ ಒಂದೇ ಕಡೆ ಕಟ್ಟಾಗುತ್ತಿದ್ದರೆ ದಾರದ ತಪ್ಪಲ್ಲ. ಆ ಬಳೆಯಲ್ಲಿ ದಾರ ಉಜ್ಜಿ ಉಜ್ಜಿ ಗೆರೆ ಬಿದ್ದಿರುತ್ತೆ, ಹರಿತ ಆಗಿರುತ್ತೆ. ಬೆರಳಾಡಿಸಿ ನೋಡಿದರೆ ಗೊತ್ತಾಗುತ್ತೆ. ಬೆರಳಾಡಿಸು ಅಂತ ಬರೆದು ಕೈ ನಡುಗಿತು. ಎಂಜಿನ್ ಬಂದ್ ಮಾಡಿ, ಫ್ಲೈವೀಲ್ ನಿಂತ ಮೇಲೆ. ಆಗಲೂ ಇನ್ನೊಬ್ಬ ಆ ಚಕ್ರ ಕೈಯಲ್ಲಿ ತಿರುಗಿಸದ ಹಾಗೆ ಕೂಗಿ ಹೇಳಿ.

ತುಂಡು ದಾರಗಳನ್ನು ಜೇಬಿಗೆ ಹಾಕಿಕೋ, ಹುಲ್ಲಿನಲ್ಲಿ ಬಿಡಬೇಡ. 2003ರ ಬರದಲ್ಲಿ ನಾವು ಮರದ ಪೆಟ್ಟಿಗೆಯಲ್ಲಿ ಹುಲ್ಲು ತುಳಿದು, ಬೈಂಡಿಂಗ್ ವೈರಿನಿಂದ ಬಿಗಿದು ಲಾರಿಗೆ ಹಾಕುತ್ತಿದ್ದೆವು. ವೈರು ಸಾಲದಿದ್ದರೆ ಎರಡು ತುಂಡು ಇಕ್ಕಳದಲ್ಲಿ ಹೊಸೆದು ಸೇರಿಸೋದು, ಉಳಿದ ತುದಿ ಕತ್ತರಿಸಿ ಬಿಸಾಕೋದು. ಒಂದು ತುದಿ ನಮ್ಮ ಹಸು ಕೆಂಪಿಯ ಹೊಟ್ಟೆ ಸೇರಿತು. ಹದಿನೈದು ದಿನ ಮೇವು ಮುಟ್ಟದೆ ನಿಂತಿದ್ದಳು, ಬೆನ್ನು ಬಾಗಿಸಿಕೊಂಡು. ನಿಮ್ಮತ್ತೆ ಇವತ್ತಿಗೂ ಅವಳ ಗಂಟೆ ಎತ್ತಿಟ್ಟಿದ್ದಾಳೆ. ಆಗಲೂ ಹೊತ್ತಿಲ್ಲ ಅಂತಲೇ ಆ ತುದಿಗಳನ್ನು ಆರಿಸಲಿಲ್ಲ ನಾನು.

ಬ್ಯಾಟರಿ ವೀಕು, ಬಂದ್ ಮಾಡಿದರೆ ಮತ್ತೆ ಸ್ಟಾರ್ಟ್ ಆಗಲ್ಲ, ನಾಲ್ಕು ಜನ ತಳ್ಳಬೇಕು ಅಂತಲೂ ಬರೆದಿದ್ದೀಯ. ಹೊಸ ಬ್ಯಾಟರಿಗೆ ನಾನೇ ದುಡ್ಡು ಕಳಿಸುತ್ತೇನೆ. ಓನರ್‌ಗೆ ಬೇಕಾದರೆ ಮಾವ ಕೊಟ್ಟರು ಅಂತ ಹೇಳು, ಅವರಿಗೆ ಬೇಜಾರಾದರೆ ಸಾಲ ಅಂತ ಹೇಳು. ಅಲ್ಲೀವರೆಗೆ ತಳ್ಳಿಸು. ಬೇಲು ಹತ್ತು ಕಡಿಮೆ ಆಗಲಿ.

ಸೋಮವಾರ ನಮ್ಮ ಪಕ್ಕದ ಮನೆಯವರು ಗಂಗಾವತಿಗೆ ಬರುತ್ತಿದ್ದಾರೆ. ಅವರ ಕೈಲಿ ಚಟ್ನಿಪುಡಿ, ಒಂದು ಮಡಿಚೋ ಚಾಕು ಕಳಿಸುತ್ತಿದ್ದೇನೆ. ಚಾಕುವಿನ ಹಿಡಿಗೆ ತೂತು ಕೊರೆಸಿ ಚೈನ್ ಹಾಕಿಸಿದ್ದೇನೆ, ಗಿಡ್ಡ ಚೈನು. ಅದನ್ನು ಟ್ರ್ಯಾಕ್ಟರ್ ಕೀಗೆ ಸೇರಿಸಿಕೋ. ದಾರ ಕೊಯ್ಯಬೇಕಾದರೆ ಸ್ಟಾಪ್ ಎಳೆದು, ಕೀ ಕಿತ್ತುಕೊಂಡೇ ಇಳಿಯಬೇಕು. ಬೇರೆ ಚಾಕು ಇಟ್ಟುಕೊಳ್ಳಬೇಡ. ಕೀಗೆ ಹಾಕಿದ ದಿನ ಒಂದು ಫೋನ್ ಮಾಡು, ರಾತ್ರಿ ಎಷ್ಟೊತ್ತಾದರೂ ಎದ್ದಿರುತ್ತೇನೆ.

ನಿನ್ನ
ಮಾವ